ನಿಂಗಣ್ಣನ ಅಣಬೆಗೆ ಕಹಿ ಬಂದದ್ದು

ಕೆ.ಆರ್. ಪುರದ ಕೆರೆಯ ಹಿಂದಿನ ಗಲ್ಲಿಯಲ್ಲಿ ತಗಡಿನ ಛಾವಣಿಯ ಒಂದು ಶೆಡ್ಡು ಇದೆ. ಒಂದು ಪಕ್ಕ ಪಂಚರ್ ಅಂಗಡಿ, ಇನ್ನೊಂದು ಪಕ್ಕ ನೀರಿನ ಕ್ಯಾನು ತುಂಬುವವರು. ಶೆಡ್ಡಿಗೆ ಬೋರ್ಡಿಲ್ಲ. ಬೆಳಿಗ್ಗೆ ಎಂಟಕ್ಕೆ ನಿಂಗಣ್ಣ ಬರುತ್ತಾನೆ. ಚಪ್ಪಲಿ ಹೊರಗೆ ಬಿಟ್ಟು, ನಲ್ಲಿಯಲ್ಲಿ ಕೈಕಾಲು ತೊಳೆದು, ಹೊಸಿಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಒಳಗೆ ಹೋಗುತ್ತಾನೆ. ಪಂಚರ್ ಅಂಗಡಿಯವನು ಇದನ್ನು ಬಹಳ ದಿನ ನೋಡಿದ. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟ.

"ಒಳಗೆ ಯಾವ್ ದೇವ್ರು ಗುರು?"

"ದೇವ್ರಲ್ಲೋ ತಮ್ಮಾ. ನಾಯಿಕೊಡಿ ಅದಾವು."

"ನಾಯಿಕೊಡೆಗೆ ಕೈ ಮುಗೀತೀಯಾ?"

"ಅನ್ನ ಕೊಡೋದಕ್ಕ ಮುಗೀಬೇಕಲ್ಲ," ಎಂದು ನಿಂಗಣ್ಣ ಒಳಗೆ ಹೋದ. ಅವನ ಮಾತು ಕಡಿಮೆ. ಅಷ್ಟು ಆಡಿದ್ದೇ ಹೆಚ್ಚು.

ನಿಂಗಣ್ಣ ಯಾದಗಿರಿ ಕಡೆಯವನು, ಶಹಾಪುರ ತಾಲೂಕು. ನಾಲ್ಕನೇ ತರಗತಿಗೆ ಶಾಲೆ ಬಿಟ್ಟವನು. ಹನ್ನೆರಡು ವರ್ಷದ ಹಿಂದೆ ಹೆಂಡತಿ ಜಟ್ಟೆಮ್ಮನ ಜೊತೆ ಬೆಂಗಳೂರಿಗೆ ಬಂದ. ಮಹದೇವಪುರದಲ್ಲಿ ಎದ್ದ ಎಷ್ಟೋ ಕಟ್ಟಡಗಳಿಗೆ ಸೆಂಟ್ರಿಂಗ್ ಕಟ್ಟಿದ. ಒಂದು ದಿನ ಎರಡನೇ ಮಾಳಿಗೆಯಿಂದ ಬಿದ್ದ. ಜೀವ ಉಳಿಯಿತು, ಎಡಗಾಲಿನ ಮೊಣಕಾಲು ಉಳಿಯಲಿಲ್ಲ. ಮೇಲೆ ಹತ್ತಲಾರದ ಸೆಂಟ್ರಿಂಗ್ ಆಳನ್ನು ಯಾರು ಕರೆಯುತ್ತಾರೆ? ಹಲಸೂರಿನ ಒಂದು ಮರ ಕೊಯ್ಯುವ ಮಿಲ್ಲಿನಲ್ಲಿ ಪುಡಿ ಗುಡಿಸಿ ಚೀಲಕ್ಕೆ ತುಂಬುವ ಕೆಲಸ ಸಿಕ್ಕಿತು. ಅಲ್ಲಿ ಅವನನ್ನು ಹೆಸರು ಹಿಡಿದು ಕರೆದವರಿಲ್ಲ. "ಏ ಕುಂಟ" ಎಂದರೆ ಅವನೇ ತಿರುಗಿ ನೋಡಬೇಕು.

ಆ ಮಿಲ್ಲಿಗೆ ಒಂದು ದಿನ ಸುಭದ್ರಮ್ಮ ಆಟೋದಲ್ಲಿ ಬಂದರು. ಕಾಲೇಜೊಂದರ ಲ್ಯಾಬಿನಲ್ಲಿ ಮೂವತ್ತು ವರ್ಷ ದುಡಿದು ರಿಟೈರಾದವರು. ಅವರಿಗೆ ನಾಲ್ಕು ಚೀಲ ಮರದ ಪುಡಿ ಬೇಕಿತ್ತು. ನಿಂಗಣ್ಣ ಚೀಲ ಕಟ್ಟುತ್ತಾ ಕೇಳಿದ.

"ಯಾತಕ್ಕ್ರಿ ಅಮ್ಮೋರ? ಒಲಿಗಾ?"

"ಅಣಬೆ ಬೆಳೆಸೋಕೆ ಕಣ್ರೀ. ಔಷಧಕ್ಕೆ ಹಾಕ್ತಾರಲ್ಲ, ರೀಶಿ ಅಂತ, ಅದು. ಎರಡು ಸಲ ಹಾಕ್ದೆ, ಎರಡು ಸಲಾನೂ ಹತ್ಲೇ ಇಲ್ಲ."

ನಿಂಗಣ್ಣ ಕಟ್ಟಿದ ಚೀಲ ಬಿಚ್ಚಿದ. ಒಂದು ಹಿಡಿ ಪುಡಿ ತೆಗೆದು ಅವರ ಮುಂದೆ ಹಿಡಿದ.

"ಇದ್ರಾಗ ಅರ್ಧ ತೇಗದ ಪುಡಿ ಅದರಿ. ತೇಗಕ್ಕ ಹುಳಾ ಸೈತ ಹತ್ತಂಗಿಲ್ಲ. ನಾಯಿಕೊಡಿ ಹ್ಯಾಂಗ ಹತ್ತೀತು? ಮಂಗಳಾರ ಬರ್ರಿ. ಆವತ್ತು ಬರೇ ಮಾವು, ಹಲಸು ಕೊಯ್ತಾರ. ನಾ ಬ್ಯಾರೆ ತೆಗೆದಿಟ್ಟಿರ್ತೀನಿ."

ಸುಭದ್ರಮ್ಮ ಅವನ ಮುಖ ನೋಡಿದರು. "ನಿಮ್ ಹೆಸರೇನ್ರೀ?" ಎಂದರು.

ಆ 'ರೀ' ಅವನ ಕಿವಿಯಲ್ಲಿ ಬಹಳ ದಿನ ಉಳಿಯಿತು. ಮಂಗಳವಾರದ ಪುಡಿ ಹತ್ತಿತು. ಮುಂದಿನ ತಿಂಗಳು ಅವರು ಅವನನ್ನೇ ಕೆಲಸಕ್ಕೆ ಕರೆದರು. ಭಾರ ಹೊರುವುದಿಲ್ಲ, ಏಣಿ ಹತ್ತುವುದಿಲ್ಲ. ಅವನ ಮೊಣಕಾಲು ಒಪ್ಪುವ ಕೆಲಸ ಈ ಊರಿನಲ್ಲಿ ಅದೊಂದೇ ಇತ್ತು ಎಂದರೂ ಸರಿಯೇ.

ಕೆಲಸವನ್ನು ಅವನು ಬೇಗ ಕಲಿತ. ಮರದ ಪುಡಿಗೆ ಸ್ವಲ್ಪ ತೌಡು ಬೆರೆಸಬೇಕು. ನೀರು ಹಾಕಿ ಕಲಸಿ ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬರಬೇಕು, ಧಾರೆ ಬರಬಾರದು. ಚೀಲಕ್ಕೆ ತುಂಬಿ ಡ್ರಮ್ಮಿನಲ್ಲಿ ಹಬೆಗೆ ಇಡಬೇಕು. ತಣ್ಣಗಾದ ಮೇಲೆ ಬಾಟಲಿಯಲ್ಲಿ ಬೆಳೆಸಿಟ್ಟ ಬೀಜ ಹಾಕಬೇಕು. ಕತ್ತಲಲ್ಲಿ ಒಂದು ತಿಂಗಳು ಇಟ್ಟರೆ ಚೀಲದ ತುಂಬ ಬಿಳಿ ಬೇರು ಹಬ್ಬುತ್ತದೆ. ಆಮೇಲೆ ಬಾಯಿ ಬಿಚ್ಚಿದರೆ ಕೆಂಪು ಕೊಂಬು ಮೂಡುತ್ತದೆ. ಗಾಳಿ ಸಾಲದಿದ್ದರೆ ಅದು ಜಿಂಕೆ ಕೊಂಬಿನ ಹಾಗೆ ಕವಲೊಡೆದು ಹೋಗುತ್ತದೆ. ಗಾಳಿ ಸರಿಯಾಗಿ ಆಡಿದರೆ ತಟ್ಟೆಯ ಹಾಗೆ ಅರಳುತ್ತದೆ, ಅರಗು ಬಳಿದಂತೆ ಹೊಳೆಯುತ್ತದೆ.

ತೌಡು ಅಳೆಯಲು ಸುಭದ್ರಮ್ಮ ಒಂದು ತೆಂಗಿನ ಚಿಪ್ಪು ಇಟ್ಟಿದ್ದರು. ಒಂದು ಬುಟ್ಟಿ ಪುಡಿಗೆ ಒಂದು ಚಿಪ್ಪು ತೌಡು. ಬೆಳೆದದ್ದನ್ನು ಕೊಳ್ಳುತ್ತಿದ್ದವರು ಶಿವಾಜಿನಗರದ ಶೌಕತ್ ಸಾಹೇಬರು. ರಸಲ್ ಮಾರ್ಕೆಟ್ಟಿನ ಹಿಂದೆ ಬೇರು, ತೊಗಟೆ ಮಾರುವ ಹಳೆಯ ಅಂಗಡಿ ಅವರದು. ಹಕೀಮರು, ಪಂಡಿತರು ಅಲ್ಲಿಂದಲೇ ಒಯ್ಯುತ್ತಿದ್ದರು. ಶೌಕತ್ ಸಾಹೇಬರು ಯಾವ ಸರಕನ್ನೂ ನಾಲಿಗೆಗೆ ಇಡದೆ ತೆಗೆದುಕೊಂಡವರಲ್ಲ.

ಹೀಗೆ ಎರಡು ವರ್ಷ ನಡೆಯಿತು. ಕಳೆದ ಮಳೆಗಾಲದಲ್ಲಿ ಸುಭದ್ರಮ್ಮನ ಎರಡೂ ಕಣ್ಣಿಗೆ ಒಂದರ ಹಿಂದೆ ಒಂದು ಪೊರೆಯ ಆಪರೇಷನ್ ಆಯಿತು. ಎರಡು ತಿಂಗಳು ಶೆಡ್ಡಿಗೆ ಬರುವಂತಿಲ್ಲ. ಅವರು ಬೀಗದ ಕೈ ನಿಂಗಣ್ಣನ ಕೈಗೇ ಕೊಟ್ಟರು.

"ಈ ಬೆಳೆ ಪೂರ್ತಿ ನಿಮ್ದೇ ನಿಂಗಣ್ಣ. ನನ್ ಕಣ್ಣು ಈಗ ನೀವೇ."

ಈ ಮಾತು ಅವನನ್ನು ಎಲ್ಲಿಗೋ ಎತ್ತಿಬಿಟ್ಟಿತು. ಇಷ್ಟು ನಂಬಿದವರಿಗೆ ಇಷ್ಟೇ ಬೆಳೆದುಕೊಟ್ಟರೆ ಸಾಕೇ ಎನಿಸಿತು. ಹೊಟ್ಟೆ ತುಂಬ ಉಂಡರೆ ಯಾವ ಜೀವ ಬೆಳೆಯುವುದಿಲ್ಲ? ಅವನು ಒಂದು ಚಿಪ್ಪಿನ ಜಾಗಕ್ಕೆ ಎರಡು ಚಿಪ್ಪು ತೌಡು ಹಾಕಿದ. ಮೇಲೊಂದು ಹಿಡಿ ಮನೆಯ ಜೋಳದ ಹಿಟ್ಟನ್ನೂ ಬೆರೆಸಿದ. ಬಾಣಂತಿಗೆ ಬಡಿಸುವ ಕೈ ಅದು, ಅಳತೆ ನೋಡಲಿಲ್ಲ. ನಾಲ್ಕಾರು ಚೀಲಕ್ಕೆ ಹಸಿರು ಬೂಸಲು ಹಿಡಿಯಿತು, ಎಸೆದ. ಉಳಿದವು ಎದ್ದ ರಭಸಕ್ಕೆ ಅವನೇ ಬೆರಗಾದ. ಅಂಗೈ ಅಗಲದ ತಟ್ಟೆಗಳು ಊಟದ ತಟ್ಟೆಯಾಗುವಂತೆ ಕಂಡವು. ಇನ್ನೂ ಬಲಿಯದ ಅಂಚಿನ ಬಿಳಿ ಪೂರ್ತಿ ಮಾಯವಾಗುವ ಮೊದಲೇ ಕೊಯ್ದು, ಒಣಗಿಸಿ, ಎರಡು ಗೋಣಿ ತುಂಬಿಸಿದ.

ಅವನ ತಪ್ಪಿನ ಹಿಂದೆ ಇನ್ನೊಂದು ಸಂಗತಿ ಇತ್ತು. ಎರಡು ವರ್ಷ ಬೆಳೆಸಿದ ಆ ಅಣಬೆಯನ್ನು ಅವನು ಒಂದು ದಿನವೂ ಬಾಯಿಗೆ ಹಾಕಿರಲಿಲ್ಲ. ಚಿಕ್ಕವನಿದ್ದಾಗ ಹೊಲದ ಬದುವಿನಲ್ಲಿ ನಾಯಿಕೊಡೆ ಕಿತ್ತದ್ದಕ್ಕೆ ಅವ್ವ ಕೈಮೇಲೆ ಬಾರಿಸಿದ್ದಳು. "ನಾಯಿಕೊಡಿ ಬಾಯಾಗ ಇಟ್ರ ಸತ್ತಿ," ಎಂದಿದ್ದಳು. ಆ ಏಟು ನಲವತ್ತು ವರ್ಷವಾದರೂ ಕೈಮೇಲೆ ಇತ್ತು. ಅವನು ಕಣ್ಣಿನಿಂದ ಬೆಳೆಸಿದ, ನಾಲಿಗೆಯಿಂದ ಬೆಳೆಸಲಿಲ್ಲ.

ಸುಭದ್ರಮ್ಮ ಕಪ್ಪು ಕನ್ನಡಕ ಹಾಕಿಕೊಂಡು ಅವನ ಜೊತೆ ಶಿವಾಜಿನಗರಕ್ಕೆ ಬಂದರು. ಶೌಕತ್ ಸಾಹೇಬರು ಗೋಣಿಯಿಂದ ಒಂದು ಚೂರು ತೆಗೆದು ಕಡಿದರು. ಜಗಿದರು. ಇನ್ನೊಂದು ಕಡಿದರು. ಮುಖ ಗಂಟಾಗಲೇ ಇಲ್ಲ. ಒಳ್ಳೆ ಸರಕಿಗೆ ಅವರ ಮುಖ ಗಂಟಾಗಬೇಕು.

"ಕ್ಯಾ ಮಿಯಾ, ಇದು ರೀಶಿ ತಂದಿದೀಯಾ, ರಟ್ಟು ತಂದಿದೀಯಾ?"

"ಯಾಕ್ರಿ ಸಾಹೇಬ್ರ? ಎಷ್ಟು ದೊಡ್ಡವು ಅದಾವ ನೋಡ್ರಿ."

"ದೊಡ್ಡದು ಅದೆ. ಗೋಡೆಗೆ ಹಾಕ್ಕೊಳ್ಳೋಕಾ? ಕಡ್ವಾ ಎಲ್ಲಿ? ಕಹಿ ಎಲ್ಲಿ?" ಅವರು ಗಲ್ಲಾದ ಕೆಳಗಿನಿಂದ ಹೊಳೆಯುವ ಒಂದು ಪೊಟ್ಟಣ ತೆಗೆದರು. ಯಾರೋ ಮಾರಲು ತಂದಿದ್ದ ರೀಶಿ ಪುಡಿ. ಅದನ್ನು ಕಾಗದದ ಮೇಲೆ ಸುರಿದು ಗಾಯಕ್ಕೆ ಹಚ್ಚುವ ಅಯೋಡಿನ್ ಒಂದು ಹನಿ ಬಿಟ್ಟರು. ಪುಡಿ ಕಡುನೀಲಿಯಾಯಿತು. "ನೋಡು. ಕಾಳಿನ ಮೇಲೆ ಬೇರು ಹಬ್ಬಿಸಿ, ಕಾಳು ಸಮೇತ ಬೀಸಿದಾರೆ. ಅರ್ಧ ಹಿಟ್ಟು." ಆಮೇಲೆ ನಿಂಗಣ್ಣನ ಅಣಬೆಯ ಚೂರನ್ನು ಕುಟ್ಟಿ ಹನಿ ಬಿಟ್ಟರು. ಅದು ನೀಲಿಯಾಗಲಿಲ್ಲ. "ನಿಂದ್ರಲ್ಲಿ ಮೋಸ ಇಲ್ಲ ನಿಂಗಣ್ಣ. ಆದ್ರೆ ದಮ್ ಇಲ್ಲ. ನಾನು ಇದನ್ನ ತಗೊಂಡ್ರೆ ಹಕೀಮರಿಗೆ ಯಾವ ಮುಖ ತೋರಿಸ್ಲಿ?"

ಎರಡು ಗೋಣಿಯೂ ವಾಪಸಾದವು. ಬಸ್ಸು ಹಳೇ ಮದ್ರಾಸ್ ರಸ್ತೆಗೆ ಬಂದ ಮೇಲೆ ಸುಭದ್ರಮ್ಮ ಮೆಲ್ಲಗೆ ಹೇಳಿದರು.

"ಶೆಡ್ಡು ಕೊರಿಯರ್‌ನೋರಿಗೆ ಕೊಟ್ಬಿಡಮ್ಮ ಅಂತ ಮಗ ಒಂದ್ ವರ್ಷದಿಂದ ಹೇಳ್ತಾನೇ ಇದಾನೆ. ಇನ್ನೊಂದು ಬೆಳೆ ನೋಡೋಣ ನಿಂಗಣ್ಣ. ಅದೂ ಹೀಗೇ ಬಂದ್ರೆ ಕೊಟ್ಬಿಡ್ತೀನಿ. ನನಗೂ ವಯಸ್ಸಾಯ್ತು." ಅವನ ಕಡೆ ತಿರುಗಿ ಕೇಳಿದರು. "ನೀವೇನಾದ್ರೂ ಬೇರೆ ಥರ ಮಾಡಿದ್ರಾ?"

ನಿಂಗಣ್ಣ ಬಾಯಿ ತೆರೆದ. "ಇಲ್ಲರಿ" ಎಂದುಬಿಟ್ಟ. ಮಿಲ್ಲಿನ ಕಸಬರಿಗೆ, "ಏ ಕುಂಟ" ಎಂಬ ಕೂಗು, ಎಲ್ಲವೂ ಕಣ್ಣಮುಂದೆ ಬಂದಿದ್ದವು.

ಮೂರು ದಿನ ಅವನು ಆ ಸುಳ್ಳನ್ನು ಹೊತ್ತುಕೊಂಡೇ ತಿರುಗಿದ. ಆ ಮೂರು ದಿನವೂ ಸುಭದ್ರಮ್ಮ ಯೋಚಿಸಿ ಯೋಚಿಸಿ ಕೊನೆಗೆ ಬೀಜದ ಮೇಲೆ ತಪ್ಪು ಹೊರಿಸಿದರು. ಲ್ಯಾಬಿನಲ್ಲಿದ್ದಾಗಿನಿಂದ, ನಾಲ್ಕು ವರ್ಷ ಬಾಟಲಿಯಿಂದ ಬಾಟಲಿಗೆ ಸಾಕಿಕೊಂಡು ಬಂದ ಬೀಜ, ಮುದಿಯಾಗಿರಬೇಕು ಎಂದರು.

"ನಾಳೆ ಬೆಳಿಗ್ಗೆ ಎಲ್ಲಾ ಬಾಟ್ಲಿ ಕುದಿಸಿ ಎಸೆದ್ಬಿಡೋಣ. ಹೊಸದು ಎಲ್ಲಿಂದ ತರೋದೋ ನೋಡ್ಬೇಕು."

ಆ ಸಂಜೆ ನಿಂಗಣ್ಣ ಮನೆಗೆ ಬಂದಾಗ ಜಟ್ಟೆಮ್ಮ ರೊಟ್ಟಿ ಬಡಿಯುತ್ತಾ ಬೈಯುತ್ತಿದ್ದಳು. ಕೈಯಲ್ಲಿ ರೊಟ್ಟಿ ಹರಿಯುತ್ತಿತ್ತು.

"ನೋಡ್ರಿ ನಿಮ್ಮ ತಮ್ಮ ಕಳ್ಸಿದ ಜ್ವಾಳ! ಈ ಸಲ ಕಾಲುವಿ ಹೊಲದ್ದು ಕಳ್ಸ್ಯಾನ. ಕಾಳು ನೋಡಿದ್ರ ಮುತ್ತಿನಂಗ ಅದಾವು. ಬಡಿಯಾಕ ಹೋದ್ರ ಹರೀತದ, ತಿಂದ್ರ ಸಪ್ಪಗ."

"ಯಾಕ ಹಂಗಾತು?"

"ಯಾಕ ಅಂದ್ರ? ನೀವು ಒಕ್ಕಲಿಗರ ಮಗಾ ಅಲ್ಲೇನು? ಮಂಜು ಕುಡದು, ಕರಿಮಣ್ಣಾಗ ಹಸದು ಬೆಳದದ್ದಕ್ಕ ಸಿಹಿ ಇರ್ತದ. ಇದು ನೀರು ಗೊಬ್ಬರ ಕುಡದು ಬರೇ ಹೊಟ್ಟಿ ಬೆಳ್ಸ್ಯಾದ. ರುಚಿ ಎಲ್ಲಿ ಬೆಳ್ಸ್ಯಾದ?"

ನಿಂಗಣ್ಣ ಹರಿದ ರೊಟ್ಟಿಯ ಒಂದು ಚೂರು ಬಾಯಿಗೆ ಹಾಕಿಕೊಂಡ. ಹುಟ್ಟಿದಾಗಿನಿಂದ ಬಲ್ಲ ಸಂಗತಿ ಇದು. ಮಳೆ ಹೋದ ಮೇಲೆ ಬಿತ್ತಿ, ನೀರು ತೋರಿಸದೆ, ಬರೀ ನೆಲದ ಪಸೆಯ ಮೇಲೆ ಬಿಡುವ ಜೋಳವೇ ಅವರ ಮನೆಯ ಜೋಳ. ಅದನ್ನು ತಿಂದು ಬೆಳೆದವನು ತಾನೇ ಶೆಡ್ಡಿನಲ್ಲಿ ಎರಡೆರಡು ಚಿಪ್ಪು ತೌಡು ಸುರಿದಿದ್ದ.

"ಜಟ್ಟಿ, ನಾ ತಪ್ಪು ಮಾಡೀನಿ," ಎಂದ. ಎಲ್ಲವನ್ನೂ ಹೇಳಿದ.

ಜಟ್ಟೆಮ್ಮ ಹೆಂಚಿನ ಮೇಲಿನ ರೊಟ್ಟಿ ತಿರುವಿದಳು. "ನನಗ ಹೇಳಿದ್ರ ಏನ್ ಬಂತು? ನಿಮಗ 'ರೀ' ಅಂದಾಕೀಗ ಹೋಗಿ ಹೇಳ್ರಿ."

ಬೆಳಿಗ್ಗೆ ಅವನು ಹೋಗುವಷ್ಟರಲ್ಲಿ ಸುಭದ್ರಮ್ಮ ಸ್ಟೌ ಹಚ್ಚಿ ನೀರು ಇಟ್ಟಿದ್ದರು. ಬೀಜದ ಬಾಟಲಿಗಳು ಬುಟ್ಟಿಯಲ್ಲಿ ಸಾಲಾಗಿ ಕೂತಿದ್ದವು. ನಿಂಗಣ್ಣ ಬುಟ್ಟಿಗೆ ಅಡ್ಡ ನಿಂತ.

"ಬೀಜದ್ದು ತಪ್ಪಿಲ್ಲರಿ ಅಮ್ಮೋರ. ತಪ್ಪು ನಂದು. ಎರಡು ಚಿಪ್ಪು ತೌಡು ಹಾಕೀನ್ರಿ. ಜ್ವಾಳದ ಹಿಟ್ಟೂ ಹಾಕೀನ್ರಿ. ನಿಮಗ ಛಲೋ ಬೆಳೆ ತೋರಸಬೇಕಂತ ಮಾಡ್ದೆ. ಬಸ್ಸಿನ್ಯಾಗ ಸುಳ್ಳು ಹೇಳ್ದೆ. ಇನ್ನ ನೀವು ಹೋಗು ಅಂದ್ರ ಹೋಗ್ತೀನ್ರಿ."

ಸುಭದ್ರಮ್ಮ ಸ್ಟೌ ಆರಿಸಿದರು. ಕಪ್ಪು ಕನ್ನಡಕ ತೆಗೆದು ಒರೆಸಿದರು. ಅವರು ಬೈಯುತ್ತಾರೆ ಎಂದು ಅವನು ತಲೆ ತಗ್ಗಿಸಿ ಕಾದ.

"ನಾಲ್ಕು ವರ್ಷದ ಬೀಜ ಕುದಿಯೋ ನೀರಿಗೆ ಹಾಕ್ತಿದ್ದೆ ನಿಂಗಣ್ಣ. ಒಂದು ಗಳಿಗೆ ತಡ ಮಾಡಿದ್ರೆ ಹೋಗ್ತಿತ್ತು," ಎಂದರು. "ಕೂತ್ಕೊಳ್ಳಿ."

ಅವರು ಒಂದು ಡಬ್ಬಿಯಿಂದ ಹಳೆಯ ಬೆಳೆಯ ಚೂರು ತೆಗೆದು ಅವನ ಅಂಗೈಯಲ್ಲಿಟ್ಟರು. ಪಕ್ಕದಲ್ಲಿ ಹೊಸದರದ್ದು.

"ತಿನ್ನಿ."

"ನಾನಾ?"

"ಇನ್ಯಾರು? ಎರಡು ವರ್ಷ ಆಯ್ತು, ಇನ್ನೂ ತಿಂದಿಲ್ಲ ಅಲ್ವಾ? ನನಗೆ ಗೊತ್ತಿತ್ತು. ನಾನೇ ಒತ್ತಾಯ ಮಾಡ್ಬೇಕಿತ್ತು. ಆ ತಪ್ಪು ನಂದು."

ನಿಂಗಣ್ಣ ಅವ್ವನನ್ನು ನೆನೆದು ಕಣ್ಣು ಮುಚ್ಚಿ ಹಳೆಯದನ್ನು ಕಡಿದ. ಬೇವಿನ ಕಡ್ಡಿ ಕಡಿದಂತಾಯಿತು. ಕಹಿ ಗಂಟಲಿನವರೆಗೆ ಇಳಿದು ಅಲ್ಲಿಯೇ ಕೂತಿತು. ಹೊಸದನ್ನು ಕಡಿದ. ಶೌಕತ್ ಸಾಹೇಬರು ಹೇಳಿದ್ದು ಸರಿ, ರಟ್ಟು.

"ಇದರೊಳಗೆ ಮುಖ್ಯವಾಗಿ ಎರಡು ಥರದ ಸತ್ವ ಇದೆ," ಎಂದು ಸುಭದ್ರಮ್ಮ ನಿಧಾನವಾಗಿ ಹೇಳಿದರು. "ಒಂದು ಕಹಿ. ಇನ್ನೊಂದಕ್ಕೆ ರುಚಿ ಇಲ್ಲ, ಕುದಿಸಿದ್ರೆ ನೀರಿಗೆ ಬರುತ್ತೆ. ಬೇಗ ಬೇಗ ದಪ್ಪ ಆದ್ರೆ ಕಹಿ ಕಟ್ಟೋಕೆ ಅದಕ್ಕೆ ಪುರುಸೊತ್ತೇ ಸಿಗಲ್ಲ ಅನ್ಸುತ್ತೆ. ನನ್ನ ಚಿಪ್ಪಿನ ಅಳತೆನೇ ಸರಿ ಅಂತ ನಾನೂ ಹೇಳಲ್ಲ. ನೋಡ್ಬೇಕು."

"ನೋಡೂಣ್ರಿ. ಹೊಲದಾಗ ಹಂಗ ಮಾಡ್ತಿದ್ವಿ, ಬ್ಯಾರೆ ಬ್ಯಾರೆ ಸಾಲು."

ಇಬ್ಬರೂ ಕೂಡಿ ಮೂರು ಸಾಲು ಹಾಕಿದರು. ತೌಡೇ ಇಲ್ಲದ ಚೀಲಕ್ಕೆ ಸೀಮೆಸುಣ್ಣದ ಒಂದು ಗೆರೆ. ಅರ್ಧ ಚಿಪ್ಪಿಗೆ ಎರಡು ಗೆರೆ. ಒಂದು ಚಿಪ್ಪಿಗೆ ಮೂರು ಗೆರೆ. ಬೀಜ ಒಂದೇ, ಮರದ ಪುಡಿ ಒಂದೇ, ಗಾಳಿ ಬೆಳಕು ಒಂದೇ. ಮೂರು ಗೆರೆಯದು ಮೊದಲು ಎದ್ದಿತು. ಎರಡು ಗೆರೆಯದು ಹದಿನೈದು ದಿನ ಹಿಂದೆ ಬಿತ್ತು. ಒಂದು ಗೆರೆಯ ಅರ್ಧ ಚೀಲಗಳಲ್ಲಿ ಬೆರಳುದ್ದ ಕೊಂಬು ಬಂದು ಅಲ್ಲಿಗೇ ನಿಂತಿತು. ನಿಂಗಣ್ಣನ ಕೈ ಪ್ರತಿದಿನವೂ ತೌಡಿನ ಡಬ್ಬಿಯ ಕಡೆ ಹೋಗುತ್ತಿತ್ತು. ಹಸಿದ ಜೀವ ನೋಡುತ್ತಾ ಸುಮ್ಮನಿರುವುದು ಅವನಿಗೆ ಬಲು ಕಷ್ಟ. ಆದರೂ ಹಾಕಲಿಲ್ಲ. ಈ ಸಲ ಅಂಚಿನ ಬಿಳಿ ಪೂರ್ತಿ ಮಾಯವಾಗಿ, ಕಂದು ಧೂಳು ತಟ್ಟೆಯ ಮೇಲೆ ಕೂರುವವರೆಗೂ ಕಾದ. ಕೊಯ್ದ ದಿನವೇ ತೆಳ್ಳಗೆ ಹೆಚ್ಚಿ, ಉರಿ ಬಿಸಿಲಿಗೆ ಹಾಕದೆ, ಬೆಚ್ಚನೆ ಗಾಳಿಯಲ್ಲಿ ಒಣಗಿಸಿದ.

ಮತ್ತು ಪ್ರತಿ ಸಾಲಿನದನ್ನೂ ತಿಂದ. ಒಂದು ಗೆರೆಯದು ಬಲು ಕಹಿ, ಆದರೆ ಬೆಳೆದದ್ದು ಮೂರು ಹಿಡಿ. ಮೂರು ಗೆರೆಯ ಕಹಿ ಬೇಗ ಬಂದು ಬೇಗ ಹೋಯಿತು. ಎರಡು ಗೆರೆಯದು ತಡವಾಗಿ ಬಂತು, ಕೆ.ಆರ್. ಪುರದಿಂದ ಹಲಸೂರು ತಲುಪುವವರೆಗೆ ಬಾಯಲ್ಲೇ ಇತ್ತು. ಹಾಗೆ ಖಚಿತವಾಗಿ ಹೇಳಬಲ್ಲ, ಏಕೆಂದರೆ ಶಿವಾಜಿನಗರದ ಬಸ್ಸು ಹತ್ತುವಾಗ ಅವನು ಅದನ್ನೇ ಜಗಿಯುತ್ತಿದ್ದ.

ಗಲ್ಲಾದ ಮೇಲೆ ಮೂರು ಪೊಟ್ಟಣ ಇಟ್ಟ. ಯಾವುದು ಯಾವುದೆಂದು ಹೇಳಲಿಲ್ಲ. ಸುಭದ್ರಮ್ಮ ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಾ ನಿಂತರು. ಶೌಕತ್ ಸಾಹೇಬರು ಮೊದಲನೆಯದನ್ನು ಕಡಿದು ನೀರು ಕುಡಿದರು. ಎರಡನೆಯದನ್ನು ಕಡಿದು ನೀರು ಕುಡಿದರು. ಮೂರನೆಯದನ್ನು ಜಗಿದು ಸುಮ್ಮನೆ ಕೂತರು. ಸ್ವಲ್ಪ ಹೊತ್ತಿನ ಮೇಲೆ ಅವರ ಹುಬ್ಬು ಗಂಟಾಯಿತು, ಮೂಗು ಸೊಟ್ಟಗಾಯಿತು, ಕಣ್ಣಲ್ಲಿ ನೀರು ಬಂತು.

"ಯಾ ಅಲ್ಲಾ! ಚಾಯ್ ತರ್ಸೋ ಯಾರಾದ್ರೂ!" ಎಂದು ಕೂಗಿ ಎರಡು ಗೆರೆಯ ಆ ಪೊಟ್ಟಣವನ್ನು ತಮ್ಮ ಕಡೆ ಎಳೆದುಕೊಂಡರು. "ಇದು. ಇದೇ ಬೇಕು ನನಗೆ."

"ನಾನೂ ಅದನ್ನ ಅಂದಿದ್ದೆರಿ," ಎಂದ ನಿಂಗಣ್ಣ.

"ನೀನು ತಿಂದಿದೀಯಾ?"

"ತಿಂದೀನ್ರಿ."

ಶೌಕತ್ ಸಾಹೇಬರು ಎದ್ದು ಗಲ್ಲಾದ ಮೇಲಿಂದ ಕೈ ಚಾಚಿ ಅವನ ಭುಜ ತಟ್ಟಿದರು. "ಈಗ ಬೆಳೆಸೋನಾದೆ ಮಿಯಾ. ಆವತ್ತು ನಿನ್ ಸರಕು ವಾಪಸ್ ಕಳ್ಸಿದ್ದಕ್ಕೆ ಎರಡು ದಿನ ನನಗೆ ಊಟ ಸೇರ್ಲಿಲ್ಲ."

"ಕಳ್ಸಿದ್ದು ಛಲೋ ಆತ್ರಿ. ನೀವು ಸುಮ್ನ ತಗೊಂಡಿದ್ರ ನಾ ಇನ್ನೂ ರಟ್ಟೇ ಬೆಳೀತಿದ್ದೆ." ನಿಂಗಣ್ಣ ಕೈ ಮುಗಿದ. ಬಾಯಿಮಾತಿಗೆ ಮುಗಿದ ಕೈಯಲ್ಲ ಅದು.

ಸುಭದ್ರಮ್ಮ ನಾಲಿಗೆಯೊಂದನ್ನೇ ನಂಬುವವರಲ್ಲ. ತಮ್ಮ ಹಳೆಯ ಲ್ಯಾಬಿಗೂ ಮೂರು ಚೂರು ಕಳಿಸಿದರು. ಕಾಗದ ಬಂತು. ಕಹಿಯ ಸತ್ವ ಎರಡು ಗೆರೆಯದರಲ್ಲಿ ಮೂರು ಗೆರೆಯದಕ್ಕಿಂತ ಹೆಚ್ಚು, ರುಚಿಯಿಲ್ಲದ ಸತ್ವದಲ್ಲಿ ಅಂಥ ವ್ಯತ್ಯಾಸವಿಲ್ಲ ಎಂದಿತ್ತು. ಅವರು ಅದನ್ನು ನಿಂಗಣ್ಣನಿಗೆ ಓದಿ ಹೇಳಿ, ಆಮೇಲೆ ಮಗನಿಗೆ ಫೋನು ಮಾಡಿದರು. "ಕೊರಿಯರ್‌ನೋರಿಗೆ ಬೇರೆ ಕಡೆ ನೋಡ್ಕೊಳ್ಳೋಕ್ ಹೇಳಪ್ಪ," ಎಂದಷ್ಟೇ ಹೇಳಿ ಇಟ್ಟರು.

ಆ ಸಂಜೆ ನಿಂಗಣ್ಣ ಒಂದು ಚೂರನ್ನು ಕಾಗದದಲ್ಲಿ ಸುತ್ತಿ ಮನೆಗೆ ತಂದ. ಜಟ್ಟೆಮ್ಮ ಕಡಿದಳು. ಥೂ ಎಂದು ಬಚ್ಚಲಿಗೆ ಓಡಿ ಉಗಿದಳು.

"ಇದಕ್ಕೇನು ಇಷ್ಟು ಕುಣ್ಯಾಕತ್ತೀರಿ?"

"ನಿನ್ನ ರೊಟ್ಟಿ ಹರಿದಿದ್ದಕ್ಕ ಬಂದ ಕಹಿ ಇದು."

"ಹಂಗಾರ ನನ್ನ ಹೆಸರೇ ಇಡ್ರಿ ಅದಕ್ಕ!"

ಅವಳು ಬೈಗುಳಕ್ಕೆ ಅಂದದ್ದು. ಅವನು ನಿಜವಾಗಿಯೂ ಇಟ್ಟ. ಮರುದಿನ ಸುಭದ್ರಮ್ಮನ ಮುಂದೆ ನಾಚಿಕೊಂಡು ಹೇಳಿದ, ಅವರು ನಕ್ಕು ಶೌಕತ್ ಸಾಹೇಬರಿಗೆ ಹೇಳಿದರು. ತೆಂಗಿನ ಚಿಪ್ಪನ್ನು ಈಗ ಅರ್ಧಕ್ಕೆ ಕುಯ್ದು ಬಾಗಿಲ ಪಕ್ಕ ತೂಗುಹಾಕಿದ್ದಾರೆ. ಒಳಗೆ ಹೋಗುವಾಗ ನಿಂಗಣ್ಣ ಹೊಸಿಲಿನ ಜೊತೆ ಅದನ್ನೂ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಾನೆ. ತಿಂಗಳಿಗೊಮ್ಮೆ ಶಿವಾಜಿನಗರದಿಂದ ಫೋನು ಬರುತ್ತದೆ.

"ಮಿಯಾ, ಅಂಗಡೀಲಿ ಖಾಲಿ. ಜಟ್ಟೆಮ್ಮ ಎರಡು ಗೋಣಿ ಕಳ್ಸು."